ಬಂದವರು ಒಂದು ರಾತ್ರಿ ಉಳಿಯಲಿ

ಸಂತೇಬೆನ್ನೂರಿನ ಪುಷ್ಕರಣಿಯನ್ನು ವಿಶ್ವದರ್ಜೆಯ ಪ್ರವಾಸಿ ತಾಣ ಮಾಡುತ್ತೇವೆ ಎಂಬ ಮಾತನ್ನು ನಾನು ಸೊಸೆಯಾಗಿ ಈ ಕಡೆ ಬಂದಾಗಿನಿಂದ ಕೇಳುತ್ತಿದ್ದೇನೆ. ಹೇಳುವವರು ಬದಲಾಗಿದ್ದಾರೆ, ಹೆಗಲ ಮೇಲಿನ ಶಾಲಿನ ಬಣ್ಣವೂ ಬದಲಾಗಿದೆ, ಮಾತು ಮಾತ್ರ ಹಾಗೇ ಇದೆ. ವಿಶ್ವದರ್ಜೆಯ ತಾಣ ಅಂದರೆ ಹೇಗಿರುತ್ತದೆ ಎಂದು 2024ರ ಮೇ ತಿಂಗಳಲ್ಲಿ ಕಣ್ಣಾರೆ ನೋಡಿ ಬಂದೆ. ದಯವಿಟ್ಟು ನಮ್ಮೂರನ್ನು ಹಾಗೆ ಮಾಡಬೇಡಿ. ಈಗಿರುವ ಹಾಗೇ ಬಿಟ್ಟರೂ ಆಗದು, ಅದು ಬೇರೆ ಮಾತು.

ನಮ್ಮ ಮಗಳು ಜರ್ಮನಿಯ ಮ್ಯೂನಿಕ್‌ನಲ್ಲಿದ್ದಾಳೆ. ಅವಳ ಬಾಣಂತನ ಮುಗಿಸಿ ಇನ್ನೇನು ಹೊರಡಬೇಕು ಅನ್ನುವಾಗ, ‘ಅಮ್ಮ, ನೀನು ಸಮುದ್ರ ಅಂತ ನೋಡಿರೋದು ಮುರ್ಡೇಶ್ವರದ್ದು ಮಾತ್ರ’ ಎಂದು ನಮ್ಮಿಬ್ಬರನ್ನೂ ಕ್ರೊಯೇಷಿಯಾದ ಡುಬ್ರೊವ್ನಿಕ್‌ಗೆ ಕರೆದುಕೊಂಡು ಹೋದಳು. 2023ರ ಜನವರಿ 1ರಿಂದ ಆ ದೇಶವೂ ಷೆಂಗೆನ್ ಒಳಗೆ ಬಂದಿದೆ, ಯೂರೋ ಕೂಡ ಅಲ್ಲಿ ನಡೆಯುತ್ತದೆ. ಬೇರೆ ವೀಸಾದ ಗೋಜು ಇರಲಿಲ್ಲ. ಏಡ್ರಿಯಾಟಿಕ್ ಕಡಲಿಗೆ ಮೂತಿ ಚಾಚಿದ ಕಲ್ಲಿನ ಊರು ಅದು. ಹಿಂದೆ ರಗುಸಾ ಎಂಬ ಹೆಸರಿನಲ್ಲಿ ಸ್ವತಂತ್ರ ಗಣರಾಜ್ಯವಾಗಿತ್ತು. ಸುತ್ತಲೂ ಸುಮಾರು ಎರಡು ಕಿಲೋಮೀಟರ್ ಉದ್ದದ ಕೋಟೆಗೋಡೆ. ಗೋಡೆಯ ಮೇಲೇ ಇಡೀ ಊರನ್ನು ಒಂದು ಸುತ್ತು ಹಾಕಬಹುದು. ನಾವು ಹೋದಾಗ ಟಿಕೆಟ್ ತಲೆಗೆ 35 ಯೂರೋ ಇತ್ತು. ನಮ್ಮ ದುಡ್ಡಿನಲ್ಲಿ ಮೂರು ಸಾವಿರ ದಾಟಿತು ಎಂದು ಕೇಳಿ ನಮ್ಮ ಮನೆಯವರು ಕೆಳಗೇ ಕೂತರು. ನಾನು ಮಗಳ ಜೊತೆ ಹತ್ತಿದೆ.

ಮೇಲಿಂದ ಕಂಡದ್ದು ಹೆಂಚಿನ ಮಾಡುಗಳು. ಕೆಲವು ಮಾಸಿದ ಹಳದಿ, ಹೆಚ್ಚಿನವು ಕಡುಗೆಂಪು. ಕೆಂಪಗಿರುವವೆಲ್ಲ ಕ್ರೊಯೇಷಿಯಾದ ಸ್ವಾತಂತ್ರ್ಯ ಯುದ್ಧ ಮುಗಿದ ಮೇಲೆ ಹೊದಿಸಿದವಂತೆ. 1991ರ ಡಿಸೆಂಬರ್ 6ರಂದು ಊರಿನ ಮೇಲೆ ಶೆಲ್ಲುಗಳ ಸುರಿಮಳೆಯಾಗಿತ್ತು. 1979ರಿಂದ ಯುನೆಸ್ಕೊ ಪಟ್ಟಿಯಲ್ಲಿದ್ದ ಊರು 1991ರಲ್ಲೇ ಅಪಾಯದ ಪಟ್ಟಿಗೆ ಸೇರಿ, 1998ರಲ್ಲಿ ಹೊರಬಂತು. ಏಳೇ ವರ್ಷದಲ್ಲಿ ಹೆಂಚು ಹೆಂಚು ಜೋಡಿಸಿ ಎದ್ದು ನಿಂತ ಜನರ ಬಗ್ಗೆ ಗೌರವ ಬಾರದೆ ಇರುತ್ತದೆಯೇ? 1667ರ ಭೂಕಂಪದಲ್ಲಿ ನೆಲಸಮವಾದಾಗಲೂ ಹೀಗೇ ಎದ್ದಿದ್ದರು.

ನನ್ನ ಕಣ್ಣು ನೆಟ್ಟದ್ದು ಮಾತ್ರ ಬೇರೆ ಕಡೆ. ಗೋಡೆಗೆ ಹತ್ತಿಕೊಂಡೇ ಇದ್ದ ಒಂದು ಮನೆಯ ಹಿತ್ತಿಲಲ್ಲಿ ಹಗ್ಗ ಕಟ್ಟಿ ಬಟ್ಟೆ ಒಣಹಾಕಿದ್ದರು: ಎರಡು ಲಂಗ, ಒಂದು ಮಾಸಿದ ಟವೆಲ್, ಮಕ್ಕಳ ಕಾಲುಚೀಲ. ಗೋಡೆಯ ಮೇಲೆ ಸಾಲುಗಟ್ಟಿದ ಜನ ಒಬ್ಬರ ಹಿಂದೊಬ್ಬರು ಬಗ್ಗಿ ಅದರ ಫೋಟೊ ತೆಗೆಯುತ್ತಿದ್ದರು. ಕಡಲು ಅಷ್ಟು ಹತ್ತಿರದಲ್ಲಿದ್ದರೂ ಅತ್ತ ನೋಡುವವರಿಲ್ಲ. ಇಡೀ ಸುತ್ತಿನಲ್ಲಿ, ಇಲ್ಲಿ ಯಾರೋ ಸಂಸಾರ ಮಾಡುತ್ತಿದ್ದಾರೆ ಅನ್ನಿಸುವ ಮನೆ ಸಿಗುವುದೇ ಅಪರೂಪವಾಗಿತ್ತು, ಅದಕ್ಕೇ ಆ ಕಾಲುಚೀಲಕ್ಕೆ ಅಷ್ಟು ಬೆಲೆ. 1991ರಲ್ಲಿ ಕೋಟೆಯೊಳಗೆ ಸುಮಾರು ಐದು ಸಾವಿರ ಜನ ಇದ್ದರಂತೆ. ಈಗ ಒಂದೂವರೆ ಸಾವಿರದ ಆಸುಪಾಸು. ಶೆಲ್ಲು ಬಿದ್ದಾಗ ಗಟ್ಟಿಯಾಗಿ ನಿಂತ ಊರು ಪ್ರವಾಸಿಗರು ಬಂದಾಗ ಖಾಲಿಯಾಯಿತು.

ಬೆಳಿಗ್ಗೆ ಗುಂಡುಲಿಚ್ ಚೌಕದಲ್ಲಿ ಸಂತೆ ಕೂಡುತ್ತದೆ. ಒಣ ಅಂಜೂರ, ಸಕ್ಕರೆ ಪಾಕದಲ್ಲಿ ಅದ್ದಿದ ಕಿತ್ತಳೆ ಸಿಪ್ಪೆ, ಸಣ್ಣ ಚೀಲದಲ್ಲಿ ಕಟ್ಟಿದ ಲ್ಯಾವೆಂಡರ್ ಹೂವು ಇಟ್ಟುಕೊಂಡು ನನ್ನ ವಯಸ್ಸಿನ ಒಬ್ಬ ಹೆಂಗಸು ಕೂತಿದ್ದಳು. ಕೈ ನೋಡಿದರೇ ಗೊತ್ತಾಗುತ್ತಿತ್ತು, ಮಣ್ಣಿನ ಕೆಲಸ ಮಾಡುವವಳು. ಮಗಳ ಮೂಲಕ ಮಾತಾಡಿಸಿದೆ. ಹುಟ್ಟಿದ್ದು ಕೋಟೆಯೊಳಗೇ, ಈಗ ಇರುವುದು ಕೊನಾವ್ಲೆ ಕಡೆಯ ಹಳ್ಳಿಯಲ್ಲಿ. ಅಣ್ಣ ತಮ್ಮಂದಿರು ಸೇರಿ ಅಪ್ಪನ ಮನೆಯನ್ನು ಬಾಡಿಗೆ ಕಂಪನಿಯವರಿಗೆ ಕೊಟ್ಟಿದ್ದಾರೆ. ದುಡ್ಡು ಬರುತ್ತದೆ, ಸುಳ್ಳಲ್ಲ. ಆದರೆ ರೇಷನ್ ಸಾಮಾನಿನ ಅಂಗಡಿ ಇದ್ದಲ್ಲಿ ಐಸ್‌ಕ್ರೀಮ್ ಅಂಗಡಿ ಬಂದಿದೆ, ಚಪ್ಪಲಿ ಹೊಲಿಸಬೇಕಾದರೂ ಕೋಟೆಯಾಚೆ ಹೋಗಬೇಕು.

ಚನ್ನಗಿರಿ ಸೀಮೆಯವಳಾದ ನನಗೆ ಇದು ಕೂಡಲೇ ಅರ್ಥವಾಯಿತು. ಇದು ಅಡಿಕೆ ತೋಟ ಖೇಣಿಗೆ ಕೊಡುವುದೇ ಸೈ. ಖೇಣಿದಾರ ಬಂದು ಮರ ನೋಡಿ, ಗೊನೆ ಲೆಕ್ಕ ಹಾಕಿ, ಮಾತು ಮುಗಿಸಿ ಮುಂಗಡ ಕೊಟ್ಟು ಹೋದ ಮೇಲೆ ಆ ಫಸಲಿಗೆ ತೋಟದಲ್ಲಿ ನಮ್ಮ ಮಾತು ನಡೆಯುವುದಿಲ್ಲ. ಕೊಯ್ಯುವವರು, ಸುಲಿಯುವವರು, ಬೇಯಿಸುವವರು ಎಲ್ಲ ಅವನ ಕಡೆಯವರೇ. ದರ ಏರಿದರೆ ಲಾಭ ಅವನದು. ಒಂದು ವರ್ಷಕ್ಕಾದರೆ ತಪ್ಪಲ್ಲ, ಮನೆಯಲ್ಲಿ ಗಂಡಾಳಿಲ್ಲದಾಗ ನಾವೂ ಕೊಟ್ಟಿದ್ದೇವೆ. ಡುಬ್ರೊವ್ನಿಕ್ ಇಡೀ ಊರನ್ನೇ ವರ್ಷಾನುಗಟ್ಟಲೆ ಕೊಟ್ಟು ಕೂತಿದೆ.

ಅಲ್ಲಿಯವರ ನಿಜವಾದ ಸಿಟ್ಟು ಹಡಗಿನವರ ಮೇಲೆ. ಕ್ರೂಸ್ ಹಡಗು ಬೆಳಿಗ್ಗೆ ಬಂದು ನಿಲ್ಲುತ್ತದೆ, ಒಂದೊಂದರಿಂದ ಸಾವಿರಗಟ್ಟಲೆ ಜನ ಇಳಿಯುತ್ತಾರೆ, ಸ್ಟ್ರಾಡುನ್ ಎಂಬ ದೊಡ್ಡ ಬೀದಿಯಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಆ ಬೀದಿಯ ಸುಣ್ಣದ ಕಲ್ಲು ಕಾಲು ಉಜ್ಜಿ ಉಜ್ಜಿ ಎಣ್ಣೆ ಸವರಿದಂತೆ ನುಣುಪಾಗಿದೆ; ನಾನು ಚಪ್ಪಲಿ ಕೈಯಲ್ಲಿ ಹಿಡಿದೇ ನಡೆದೆ. ಊಟ ಹಡಗಿನಲ್ಲೇ, ನಿದ್ದೆ ಹಡಗಿನಲ್ಲೇ. ಸಂಜೆಗೆ ಎಲ್ಲರೂ ಮಾಯ. ಊರಿಗೆ ಉಳಿಯುವುದು ಕಸ, ಮತ್ತೊಂದಿಷ್ಟು ಫ್ರಿಜ್ ಮ್ಯಾಗ್ನೆಟ್ ಮಾರಿದ ಕಾಸು. 2019ರಲ್ಲಿ ಹಡಗು ಕಂಪನಿಗಳ ಜೊತೆ ಕೂತು, ಏಕಕಾಲಕ್ಕೆ ಎರಡಕ್ಕಿಂತ ಹೆಚ್ಚು ಹಡಗು ಬೇಡ, ನಾಲ್ಕು ಸಾವಿರಕ್ಕಿಂತ ಹೆಚ್ಚು ಪ್ರಯಾಣಿಕರು ಬೇಡ ಎಂದು ನಗರದವರು ಮಿತಿ ಹಾಕಿಕೊಂಡರು. ವೆನಿಸ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. 2024ರ ಏಪ್ರಿಲ್ 25ರಿಂದ, ಜನಜಂಗುಳಿ ಹೆಚ್ಚಿರುವ ದಿನಗಳಲ್ಲಿ ಹಗಲು ಬಂದು ಹೋಗುವವರಿಗೆ 5 ಯೂರೋ ಪ್ರವೇಶ ಶುಲ್ಕ ಹಾಕತೊಡಗಿತು. ಊರಲ್ಲಿ ರಾತ್ರಿ ತಂಗುವವರಿಗೆ ಆ ಶುಲ್ಕ ಇಲ್ಲ. ಎಷ್ಟು ಜನ ಬಂದರು ಎಂದು ಎಣಿಸಿ ಸಂಭ್ರಮಿಸುವುದನ್ನು ಅವರು ಬಿಟ್ಟು, ಉಳಿದವರೆಷ್ಟು ಎಂದು ಕೇಳತೊಡಗಿದ್ದಾರೆ. ನನ್ನ ವಾದವೂ ಇಷ್ಟೇ.

ಈಗ ನಮ್ಮ ಕಡೆ ಬನ್ನಿ. ಚನ್ನಗಿರಿ ತಾಲ್ಲೂಕಿನ ಸಂತೇಬೆನ್ನೂರಿಗೆ ಹಡಗು ಬರುವುದಿಲ್ಲ, ಇನ್ನೋವಾ ಬರುತ್ತದೆ. ಬಾಗಿಲು ತೆಗೆದು ಮದುಮಗ ಮದುಮಗಳು ಇಳಿಯುತ್ತಾರೆ, ಹಿಂದೆ ಕ್ಯಾಮೆರಾದವರು, ಕೊಡೆ ಹಿಡಿಯುವ ಹುಡುಗ. ಪುಷ್ಕರಣಿಯ ಮೆಟ್ಟಿಲ ಮೇಲೆ ಸೆರಗು ಹಾರಿಸಿ, ನೀರಿನ ನಡುವಿನ ವಸಂತ ಮಂಟಪ ಹಿಂದೆ ಬರುವಂತೆ ನಿಂತು, ಫೋಟೊ ತೆಗೆದುಕೊಂಡು, ದಾವಣಗೆರೆಗೆ ಬೆಣ್ಣೆ ದೋಸೆ ತಿನ್ನಲು ಹೊರಟುಬಿಡುತ್ತಾರೆ. ಸಂತೇಬೆನ್ನೂರಿನಲ್ಲಿ ಅವರು ಕೊಳ್ಳುವುದು ನೀರಿನ ಬಾಟಲಿ. ನಮ್ಮವರ ಹಗಲು ಪ್ರವಾಸ ಹಡಗಿನವರದ್ದಕ್ಕಿಂತ ಚಿಕ್ಕದು, ರೋಗ ಅದೇ.

ಅವರು ಬೆನ್ನು ಹಾಕಿ ನಿಂತ ಆ ಮಂಟಪಕ್ಕೆ ಎಂಥ ಕಥೆ ಇದೆ ಅಂತೀರಿ! ಪಾಳೇಗಾರ ಹನುಮಪ್ಪ ನಾಯಕರ ಕಾಲದ ಕೆಲಸ ಅದು. ಚೌಕದ ಹೊಂಡ, ನಾಲ್ಕೂ ಕಡೆ ಇಳಿಯುವ ಕಲ್ಲಿನ ಮೆಟ್ಟಿಲು, ಸುತ್ತ ಎಂಟು ದಿಕ್ಕಿಗೆ ಎಂಟು ಮಂಟಪಗಳಿದ್ದವು, ಆರು ಉಳಿದಿವೆ. ನಡುವಿನ ಮಂಟಪದ ಕಮಾನು ನೋಡಿದರೆ ವಿಜಾಪುರದ ನೆನಪು, ಮೇಲಿನ ಗೋಪುರ ನೋಡಿದರೆ ವಿಜಯನಗರದ ನೆನಪು. ಎದುರಿಗೇ ಮುಸಾಫಿರ್‌ಖಾನೆ. ಹದಿನೇಳನೇ ಶತಮಾನದಲ್ಲಿ ವಿಜಾಪುರದ ರಣದುಲ್ಲಾ ಖಾನನ ದಂಡು ಬಂದು ರಂಗನಾಥನ ಗುಡಿ ಕೆಡವಿ ಇದನ್ನು ಮಸೀದಿಯಾಗಿ ಕಟ್ಟಿಸಿತು, ನಾಯಕ ಮರಳಿ ಬಂದು ಸೇಡು ತೀರಿಸಿಕೊಂಡ, ಆಮೇಲೆ ಅಲ್ಲಿ ಪ್ರಾರ್ಥನೆಯೇ ನಡೆಯಲಿಲ್ಲ ಎನ್ನುತ್ತಾರೆ. ಊರವರ ಬಾಯಲ್ಲಿ ಅದು ದಾರಿಹೋಕರ ಛತ್ರವಾಗಿಯೇ ಉಳಿಯಿತು. ಈಗ ಎರಡೂ ಕೇಂದ್ರದ ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿವೆ. ಗೇಟಿನ ಹತ್ತಿರದ ಫಲಕದಲ್ಲಿ ಮುಖ್ಯವಾಗಿ ಬರೆದಿರುವುದು ಹಾಳು ಮಾಡಿದರೆ ಏನು ಶಿಕ್ಷೆ ಎಂದು. ಕಥೆ ಹೇಳುವವರು ಬೇಕಾದರೆ ಊರಿನ ಹಿರಿಯರನ್ನೇ ಹಿಡಿಯಬೇಕು. ಅವರು ಹೇಳುತ್ತಾರೆ, ಆದರೆ ಇನ್ನೋವಾ ಅಷ್ಟು ಹೊತ್ತು ನಿಲ್ಲುವುದಿಲ್ಲ.

ಡುಬ್ರೊವ್ನಿಕ್‌ನಲ್ಲಿ ನನಗೆ ಹೊಟ್ಟೆಕಿಚ್ಚಾದದ್ದು ಒಂದೇ ವಿಷಯಕ್ಕೆ. ಕೋಟೆ ಬಾಗಿಲು ದಾಟಿದ ಕೂಡಲೇ ಗುಮ್ಮಟ ಹೊತ್ತ ದೊಡ್ಡ ಕಾರಂಜಿ ಇದೆ. ನೇಪಲ್ಸ್ ಕಡೆಯ ಒನೋಫ್ರಿಯೊ ಎಂಬ ಕುಶಲಿ 1430ರ ದಶಕದಲ್ಲಿ ಸುಮಾರು 12 ಕಿ.ಮೀ. ದೂರದ ಶುಮೆಟ್ ಒರತೆಯಿಂದ ಕಾಲುವೆ ತೆಗೆದು ಊರೊಳಗೆ ನೀರು ತಂದ. ಸುತ್ತಲೂ 16 ಕಲ್ಲಿನ ಮುಖಗಳು, ಅವುಗಳ ಬಾಯಿಂದ ನೀರು. ಇವತ್ತಿಗೂ ಜನ ಅಲ್ಲೇ ಬಾಟಲಿ ತುಂಬಿಸಿಕೊಳ್ಳುತ್ತಾರೆ, ನಾನೂ ತುಂಬಿಸಿಕೊಂಡೆ. ಆರು ಶತಮಾನದ ಸ್ಮಾರಕ ಇನ್ನೂ ಕೆಲಸ ಮಾಡುತ್ತಿದೆ! ನಮಗೆ ಇಂಥದ್ದು ಇಲ್ಲವೇ? ನಮ್ಮ ತಾಲ್ಲೂಕಿನ ಸೂಳೆಕೆರೆ ಅದಕ್ಕಿಂತಲೂ ಹಳೆಯದು. ಎರಡು ಗುಡ್ಡಗಳ ನಡುವೆ ಹರಿದ್ರಾ ಹಳ್ಳಕ್ಕೆ ಅಡ್ಡಲಾಗಿ ಹಾಕಿದ ಏರಿ ಇಂದಿಗೂ ನಿಂತಿದೆ, ಸಿದ್ಧನಾಲೆ ಬಸವನಾಲೆಗಳಲ್ಲಿ ಗದ್ದೆಗೆ ನೀರು ಹರಿಯುತ್ತದೆ, ಚಿತ್ರದುರ್ಗದ ಮನೆಗಳ ನಲ್ಲಿಗೂ ಇಲ್ಲಿಂದಲೇ ನೀರು ಹೋಗುತ್ತದೆ. ಕೆರೆ ಕಟ್ಟಿಸಿದಳು ಎನ್ನುವ ಶಾಂತವ್ವನ ಕಥೆ ಗೊತ್ತಿಲ್ಲದ ಮಗು ನಮ್ಮ ಕಡೆ ಇಲ್ಲ. ಇಂಥ ಕೆರೆಯನ್ನು ನೋಡಲು ಬಂದವರಿಗೆ ನಾವು ತೋರಿಸುವುದು ಏರಿಯ ಮೇಲಿನ ಸೆಲ್ಫಿ ಜಾಗ.

ಉಳಿದುಕೊಂಡರೆ ಏನು ಸಿಗುತ್ತದೆ ಎಂಬುದಕ್ಕೆ ನಮ್ಮಲ್ಲೇ ಹಳೆಯ ಸಾಕ್ಷಿ ಇದೆ. ಪಿಯೆತ್ರೊ ದೆಲ್ಲಾ ವಾಲ್ಲೆ ಎಂಬ ರೋಮಿನವನು 1623ರಲ್ಲಿ ಪೋರ್ಚುಗೀಸ್ ರಾಯಭಾರಿಯ ಜೊತೆ ಗೋವಾದಿಂದ ಹೊನ್ನಾವರಕ್ಕೆ ಬಂದು, ಗೇರುಸೊಪ್ಪೆಯ ಮೇಲೆ ಘಟ್ಟ ಹತ್ತಿ ಕೆಳದಿ ಅರಸರ ಇಕ್ಕೇರಿಗೆ ಬಂದ. ಅದೇ ಮನೆತನದ ರಾಣಿ ಚೆನ್ನಮ್ಮನ ಹೆಸರೇ ಮುಂದೆ ನಮ್ಮ ಚನ್ನಗಿರಿಗೆ ಬಂದದ್ದು. ರಾಯಭಾರಿಯ ಕೆಲಸ ಮೆಣಸಿನ ವ್ಯಾಪಾರ, ರಾಜಕಾರಣ. ದೆಲ್ಲಾ ವಾಲ್ಲೆಗೆ ಬೇರೆ ಕೆಲಸವಿರಲಿಲ್ಲ, ಸುಮ್ಮನೆ ಸುತ್ತಾಡಿದ. ದಾರಿಯಲ್ಲಿ ಒಂದು ಗುಡಿಯ ಜಗಲಿಯಲ್ಲಿ ಹುಡುಗರು ನೆಲದ ಮೇಲೆ ಮರಳು ಹರಡಿ, ಬೆರಳಲ್ಲಿ ಬರೆಯುತ್ತಾ, ರಾಗವಾಗಿ ಹೇಳುತ್ತಾ ಲೆಕ್ಕ ಕಲಿಯುವುದನ್ನು ಕಂಡ. ಇಕ್ಕೇರಿಯಲ್ಲಿ ಸತಿ ಹೋಗಲು ಸಿದ್ಧಳಾಗಿದ್ದ ಒಬ್ಬ ಹೆಂಗಸಿನ ಮನೆಗೇ ಹೋಗಿ ಮಾತಾಡಿಸಿ, ಬೇಡ ಎಂದು ಹೇಳಿ ನೋಡಿದ. ಇದೆಲ್ಲ ಅವನ ಪತ್ರಗಳಲ್ಲಿದೆ. ಫೋಟೊ ತೆಗೆದು ಸಂಜೆಗೆ ಹೊರಟಿದ್ದರೆ ಈ ಎರಡೂ ಅವನಿಗೆ ಕಾಣುತ್ತಿರಲಿಲ್ಲ, ನಮಗೂ ಉಳಿಯುತ್ತಿರಲಿಲ್ಲ.

ಪ್ರವಾಸೋದ್ಯಮ ಎಂದ ಕೂಡಲೇ ನಮ್ಮ ಸರ್ಕಾರಗಳಿಗೆ ನೆನಪಾಗುವುದು ರೆಸಾರ್ಟು, ರೋಪ್‌ವೇ, ಗಾಜಿನ ಸೇತುವೆ. ಇಲ್ಲದಿದ್ದರೆ ಊರವರನ್ನು ಎಬ್ಬಿಸುವುದು. 2011ರ ಜುಲೈನಲ್ಲಿ ಹಂಪಿಯ ವಿರೂಪಾಕ್ಷ ಬಜಾರಿನಲ್ಲಿ ಮಂಟಪಗಳ ನಡುವೆ ಬದುಕು ಕಟ್ಟಿಕೊಂಡಿದ್ದ ಕುಟುಂಬಗಳ ಮನೆ ಅಂಗಡಿಗಳನ್ನು ಜೆಸಿಬಿ ತಂದು ಕೆಡವಿದರು. ಒತ್ತುವರಿ ಆಗಿತ್ತು, ಸ್ಮಾರಕಕ್ಕೆ ಹಾನಿಯೂ ಆಗುತ್ತಿತ್ತು, ಒಪ್ಪೋಣ. ಆದರೆ ಬಜಾರು ಎಂದು ಹೆಸರಿಟ್ಟುಕೊಂಡ ಬೀದಿಯಲ್ಲಿ ಈಗ ಬಜಾರೇ ಇಲ್ಲ. ಡುಬ್ರೊವ್ನಿಕ್‌ನವರು ದುಡ್ಡಿನ ಆಸೆಗೆ ತಾವಾಗಿ ಹೊರಟರು, ಹಂಪಿಯವರನ್ನು ನಾವು ಹೊರಡಿಸಿದೆವು. ಸಂತೇಬೆನ್ನೂರಿಗೆ ಈ ಎರಡೂ ಬೇಡ. ಇಲ್ಲಿ ಪುಷ್ಕರಣಿಯ ಸುತ್ತ ಇನ್ನೂ ಜನ ಇದ್ದಾರೆ, ಅದೇ ನಮ್ಮ ಬಂಡವಾಳ.

ರಾತ್ರಿ ಉಳಿಯುವ ಪದ್ಧತಿ ನಮ್ಮ ದಾವಣಗೆರೆ ಜಿಲ್ಲೆಗೆ ಹೊಸದೂ ಅಲ್ಲ. ನ್ಯಾಮತಿ ತಾಲ್ಲೂಕಿನ ಸೂರಗೊಂಡನಕೊಪ್ಪಕ್ಕೆ, ಸಂತ ಸೇವಾಲಾಲರು ಹುಟ್ಟಿದ ಭಾಯಾಗಡಕ್ಕೆ, ಪ್ರತಿ ಫೆಬ್ರುವರಿಯಲ್ಲಿ ಮಾಲೆ ಹಾಕಿದ ಬಂಜಾರ ಭಕ್ತರು ದೂರದೂರದಿಂದ ಬರುತ್ತಾರೆ. ಕಾಲ್ನಡಿಗೆಯಲ್ಲಿ ಬರುವವರೂ ಬಹಳ. ಬಯಲಲ್ಲೇ ಒಲೆ ಹೂಡುತ್ತಾರೆ, ಹಾಡುತ್ತಾರೆ, ಅಲ್ಲೇ ಮಲಗುತ್ತಾರೆ. ಸುತ್ತಲ ಹಳ್ಳಿಯ ಸೌದೆ, ತರಕಾರಿ, ಹಾಲು ಎಲ್ಲ ಖರ್ಚಾಗುತ್ತದೆ. ಬೆಳಗುತ್ತಿಯ ಹತ್ತಿರದ ತೀರ್ಥರಾಮೇಶ್ವರಕ್ಕೂ ಹೊನ್ನಾಳಿಯ ಹೊಳೆದಂಡೆಗೂ ಹಬ್ಬದ ಹೊತ್ತಿಗೆ ಜನ ಬುತ್ತಿ ಕಟ್ಟಿಕೊಂಡೇ ಹೋಗುವುದು. ಇವರನ್ನು ಪ್ರವಾಸಿಗರ ಲೆಕ್ಕಕ್ಕೆ ಸೇರಿಸುವುದು ಯಾರಿಗೂ ಹೊಳೆದ ಹಾಗಿಲ್ಲ.

ಜಗಳೂರು ಅಂದರೆ ಬರ, ಅಲ್ಲಿ ನೋಡಲು ಏನಿದೆ ಎನ್ನುವವರಿಗೆ ಒಂದು ಮಾತು. ಜಗಳೂರಿನ ರಂಗಯ್ಯನದುರ್ಗದ ಕಾಡು 2011ರಿಂದ ಕೊಂಡುಕುರಿ ವನ್ಯಧಾಮ. ನಾಲ್ಕು ಕೊಂಬಿನ ಈ ಪುಕ್ಕಲು ಪ್ರಾಣಿ ನಡು ಮಧ್ಯಾಹ್ನ ಕಾರಿನಲ್ಲಿ ಬಂದವರಿಗೆ ದರ್ಶನ ಕೊಡುವುದಿಲ್ಲ. ಸಂಜೆ ಇಳಿಹೊತ್ತಿಗೆ, ಇಲ್ಲವೇ ನಸುಕಿನಲ್ಲಿ ಕಾಯಬೇಕು. ಅಂದರೆ ಹಿಂದಿನ ರಾತ್ರಿ ಜಗಳೂರಿನಲ್ಲೋ ಸುತ್ತಲಿನ ಹಳ್ಳಿಯಲ್ಲೋ ತಂಗಲೇಬೇಕು. ಮಳೆ ಕೈಕೊಟ್ಟ ವರ್ಷ ಗುಳೆ ಹೋಗುವ ಮನೆಗಳಿಗೆ ಒಂದು ಕೋಣೆಯ ಬಾಡಿಗೆ ಎಷ್ಟು ದೊಡ್ಡದು ಎಂದು ಬೆಂಗಳೂರಿನಲ್ಲಿ ಕೂತು ಯೋಜನೆ ಬರೆಯುವವರು ಊಹಿಸಲಾರರು.

ಇನ್ನು ಕಷ್ಟದ ಮಾತು. ನಮ್ಮ ಹಳ್ಳಿಗಳಲ್ಲಿ ಗುರುತಿಲ್ಲದವರು ಬಂದು ಜಗಲಿಯಲ್ಲಿ ಕೂತರೆ ಮೊದಲು ನೀರು ಬೆಲ್ಲ ಕೊಡುತ್ತೇವೆ, ಅದು ಹೆಮ್ಮೆ. ಎರಡನೇ ಮಾತಿಗೇ, ‘ತಾವು ಯಾವ ಪೈಕಿ ಆದ್ರಿ?’ ಎಂದು ಕೇಳುತ್ತೇವೆ. ಊರು ಕೇಳುವ ನೆಪದಲ್ಲಿ, ಮನೆದೇವರು ಕೇಳುವ ನೆಪದಲ್ಲಿ ಕೇಳುವುದೂ ಇದೆ. ಈ ಪ್ರಶ್ನೆ ಬಿಡಲಾರದ ಮನೆ ಅತಿಥಿಗೆ ಬಾಗಿಲು ತೆರೆಯಬಾರದು, ಅದಕ್ಕೆ ನೋಂದಣಿಯನ್ನೂ ಕೊಡಬಾರದು. ಹಾಗೆಯೇ, ಕೋಣೆ ಬಾಡಿಗೆ ಕೊಡುವ ತೀರ್ಮಾನ ಗಂಡಸರು ಕಟ್ಟೆ ಮೇಲೆ ಕೂತು ಮಾಡುತ್ತಾರೆ. ಹಾಸಿಗೆ ಒಗೆಯುವುದು, ಬಚ್ಚಲಿಗೆ ಬೆಂಕಿ ಹಾಕುವುದು, ನಸುಕಿಗೆ ಎದ್ದು ರೊಟ್ಟಿ ಬಡಿಯುವುದು ಯಾರು? ದುಡ್ಡು ಆ ಕೈಗೇ ಬರಬೇಕು. ಸ್ತ್ರೀಶಕ್ತಿ ಸಂಘದ ಖಾತೆಗೆ ನೇರ ಹೋಗಲಿ. ಅಡಿಕೆ ಸುಗ್ಗಿಯಲ್ಲಿ ಸುಲಿಯುವ ಕೂಲಿಯನ್ನು ಡಬ್ಬಿ ಲೆಕ್ಕದಲ್ಲಿ ಪೈಸೆ ಪೈಸೆ ಬರೆದಿಡುವ ನಮ್ಮ ಹೆಣ್ಣುಮಕ್ಕಳಿಗೆ ಇದರ ಲೆಕ್ಕ ಕಲಿಸಬೇಕಾಗಿಲ್ಲ.

ಸುಗ್ಗಿ ಅಂದೆನಲ್ಲ, ಬಂದವರಿಗೆ ತೋರಿಸಲು ಅದಕ್ಕಿಂತ ಒಳ್ಳೆಯದು ಏನಿದೆ? ದಸರಾ ದೀಪಾವಳಿ ಹೊತ್ತಿಗೆ ಚನ್ನಗಿರಿ ಕಡೆ ಯಾವ ಹಳ್ಳಿಗೆ ಬಂದರೂ ರಾತ್ರಿಯೆಲ್ಲ ದೀಪ ಹಾಕಿಕೊಂಡು ಸುಲಿಯುತ್ತಾ ಕೂತಿರುತ್ತಾರೆ, ಹಂಡೆಗಳಲ್ಲಿ ಚೊಗರು ಕುದಿಯುತ್ತಿರುತ್ತದೆ, ಬೇಯಿಸಿ ಬಸಿದ ಅಡಿಕೆ ಬೆಳಿಗ್ಗೆ ಅಟ್ಟದ ಮೇಲೆ ಕೆಂಪಗೆ ಹರಡುತ್ತದೆ. ಹಗಲು ಬಂದು ಹೋಗುವವನಿಗೆ ಇದರಲ್ಲಿ ಅರ್ಧವೂ ಕಾಣುವುದಿಲ್ಲ. ಚನ್ನಗಿರಿಯ ಗುಡ್ಡದ ಕೋಟೆಗೆ, ಬೆಟ್ಟದ ರಂಗನಾಥನ ಗುಡಿಗೆ ಹತ್ತಬೇಕಾದ್ದೂ ಬಿಸಿಲೇರುವ ಮೊದಲೇ.

ನಾನು ಕೇಳುತ್ತಿರುವುದು ಕೋಟಿಗಳ ಯೋಜನೆಯಲ್ಲ. ಪುಷ್ಕರಣಿಯ ಹತ್ತಿರ ಹೆಂಗಸರು ಮೂಗು ಮುಚ್ಚಿಕೊಳ್ಳದೆ ಹೋಗಬಹುದಾದ ಶೌಚಾಲಯ. ಕಾರಿಲ್ಲದವರೂ ಬಂದುಹೋಗಲು ಸಂತೇಬೆನ್ನೂರು, ಸೂಳೆಕೆರೆ, ಚನ್ನಗಿರಿ, ಹೊನ್ನಾಳಿ, ನ್ಯಾಮತಿಗಳನ್ನು ಹೊಲಿಯುವ ಒಂದು ಬಸ್ಸು. ಊರಿನದೇ ಪಿಯುಸಿ, ಡಿಗ್ರಿ ಮುಗಿಸಿದ ನಾಲ್ಕು ಹುಡುಗ ಹುಡುಗಿಯರಿಗೆ ಕಥೆ ಹೇಳುವ ತರಬೇತಿ, ಅವರ ಕೂಲಿ. ಹೋಂ ಸ್ಟೇ ನೋಂದಣಿಗೆ ಪ್ರವಾಸೋದ್ಯಮ ಇಲಾಖೆಯಲ್ಲಿ ಅವಕಾಶ ಇದ್ದೇ ಇದೆ. ಹೊರಗಿನ ಕಂಪನಿಗೆ ಕೊಡದೆ, ಅದೇ ಮನೆಯಲ್ಲಿ ವಾಸವಿರುವವರಿಗೆ ಮಾತ್ರ ಕೊಡಲಿ. ಎಷ್ಟು ಕೋಣೆ, ಯಾವ ಬೀದಿಯಲ್ಲಿ ಎಂದು ಗ್ರಾಮಸಭೆ ಹೇಳಲಿ. ಡುಬ್ರೊವ್ನಿಕ್‌ನವರು ಈಗ ಹಳೇ ಊರಿನೊಳಗೆ ಹೊಸ ಬಾಡಿಗೆ ಪರವಾನಗಿ ಕೊಡುವುದನ್ನೇ ನಿಲ್ಲಿಸಿದ್ದಾರೆ. ಅವರು ಮನೆ ಖಾಲಿಯಾದ ಮೇಲೆ ಹಾಕಿದ ಬೀಗವನ್ನು ನಾವು ಮೊದಲೇ ಹಾಕಬಹುದು.

ನಮ್ಮ ಮನೆಯ ಅಟ್ಟದ ಪಕ್ಕದ ಕೋಣೆ ಮಗಳು ಹೋದಾಗಿನಿಂದ ಖಾಲಿ ಇದೆ. ಅರ್ಜಿ ಬರೆದಿಟ್ಟಿದ್ದೇನೆ. ನಮ್ಮ ಮನೆಯವರಿಗೆ ಮೊದಲು ಅಷ್ಟು ಮನಸ್ಸಿರಲಿಲ್ಲ. 35 ಯೂರೋ ಲೆಕ್ಕ ಹೇಳಿದ ಮೇಲೆ, ಬಾಡಿಗೆ ಎಷ್ಟು ಹೇಳೋಣ ಎಂದು ಕೇಳುತ್ತಿದ್ದಾರೆ.